ಆತಕೂರಿನ ಕಾಳಿಯೂ ಮುಧೋಳದ ಬೇಟೆನಾಯಿಯೂ

೧

ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಆತಕೂರಿನ ಕಲ್ಲಿಗೆ ಅಸಾಧಾರಣವಾದ ಸ್ಥಾನವುಂಟೆಂಬುದು ವಾಚಕರಿಗೆ ವಿದಿತವೇ ಆಗಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆ ಗ್ರಾಮದಲ್ಲಿ ಚಲ್ಲೇಶ್ವರ ದೇವಾಲಯದ ಮುಂದೆ ನೆಡಲ್ಪಟ್ಟಿದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಶಿಲೆಯು, ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧಕ್ಕೆ ಸಮಕಾಲೀನವಾದ ಸಾಕ್ಷಿಯಾದುದರಿಂದ ಇತಿಹಾಸಜ್ಞರು ಇದನ್ನು ಆದರಿಸುವರು. ಸಾಹಿತ್ಯಾಭ್ಯಾಸಿಗಳಾದರೋ ಇದರಲ್ಲಿ ಸ್ತುತವಾಗಿರುವ ಕಾಳಿಯೆಂಬ ನಾಯಿಯ ವೃತ್ತಾಂತಕ್ಕಾಗಿ ಇದನ್ನು ಮತ್ತೆ ಮತ್ತೆ ಓದುವರು.

ಇತ್ತೀಚಿನ ವರ್ಷಗಳಲ್ಲಿ ಈ ಕಾಳಿಯ ವಿಷಯವಾಗಿ ಒಂದು ಮಾತು ಭಾಷಣಗಳಲ್ಲಿಯೂ ಪಾಠಗಳಲ್ಲಿಯೂ ಹಬ್ಬಿಕೊಂಡಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯ ತಳಿಯು ಸಾವಿರ ವರ್ಷಗಳಷ್ಟು ಹಳೆಯದೆಂದೂ, ಆತಕೂರಿನ ಕಾಳಿಯು ಆ ತಳಿಯ ನಾಯಿಯೇ ಎಂದೂ ಕೆಲವರು ಹೇಳುತ್ತಾರೆ. ಕೇಳುವುದಕ್ಕೆ ಈ ಮಾತು ಹಿತವಾಗಿದೆ. ನಾಡಿನ ಎರಡು ಹೆಮ್ಮೆಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ. ಆದರೆ ಹಿತವಾದುದೆಲ್ಲವೂ ಸತ್ಯವಾಗಿರಬೇಕೆಂಬ ನಿಯಮವಿಲ್ಲ. ಆದಕಾರಣ ಈ ಮಾತಿಗೆ ಪ್ರಮಾಣವೇನಿದೆ, ಪ್ರಮಾಣವಿಲ್ಲದಿದ್ದರೆ ಅದನ್ನು ನಂಬುವುದರಿಂದ ಆಗುವ ಹಾನಿಯೇನು, ಎಂಬೆರಡು ವಿಷಯಗಳನ್ನು ಇಲ್ಲಿ ಯಥಾಮತಿಯಾಗಿ ವಿವೇಚಿಸಲಾಗುವುದು.

ಮೊದಲೇ ಒಂದು ತಪ್ಪೊಪ್ಪಿಗೆಯನ್ನು ಮಾಡಿಬಿಡಬೇಕು. ಈ ಮಾತನ್ನು ಹರಡಿದವರಲ್ಲಿ ನಾನೂ ಒಬ್ಬನು. ಹಳಗನ್ನಡ ತರಗತಿಗಳಲ್ಲಿ ಈ ಶಾಸನವನ್ನು ಪಾಠಹೇಳುವಾಗ ಹಲವು ವರ್ಷ, “ಇದು ನಮ್ಮ ಮುಧೋಳದ ನಾಯಿಯೇ” ಎಂದು ವಿದ್ಯಾರ್ಥಿಗಳಿಗೆ ನಿಸ್ಸಂಶಯವಾಗಿ ಹೇಳುತ್ತಿದ್ದೆನು. ಒಂದು ದಿನ ಮುಧೋಳದ ಕಡೆಯಿಂದ ಬಂದಿದ್ದ, ಕುರಿಗಾರರ ಮನೆಯ ಹುಡುಗನೊಬ್ಬನು ಎದ್ದು ನಿಂತು, “ಗುರುಗಳ, ನಮ್ಮ ಕಡಿ ನಾಯಿ ಹಂದಿಗೆ ಬಿಡೂದಲ್ಲರೀ, ಮೊಲಕ್ಕ ಬಿಡೂದು. ಹಂದಿ ಮ್ಯಾಲೆ ಬಿಟ್ರ ಅದರ ಹೊಟ್ಟಿ ಹರದು ಹೋಗ್ತದ” ಎಂದನು. ತರಗತಿಯಲ್ಲಿ ಎಲ್ಲರೂ ನಕ್ಕರು. ನಾನು ಏನೋ ಸಮಾಧಾನ ಹೇಳಿ ಮುಂದಿನ ಸಾಲಿಗೆ ಹೋದೆನು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಗ್ರಂಥವನ್ನು ಓದಿದ್ದವನು ನಾನು. ನಾಯಿಯನ್ನು ಓದಿದ್ದವನು ಅವನು. ಈ ಲೇಖನವು ಆ ವಿದ್ಯಾರ್ಥಿಗೆ ನಾನು ಆ ದಿನ ಕೊಡಬೇಕಾಗಿದ್ದ ಉತ್ತರವೆಂದು ಭಾವಿಸಬಹುದು.

೨

ಶಾಸನದ ಸಾರವನ್ನು ಮೊದಲು ಸಂಗ್ರಹವಾಗಿ ಹೇಳುವೆನು. ಶಕವರ್ಷ ೮೭೨ನೆಯ ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. ೯೪೯-೫೦. ಗಂಗರ ಬೂತುಗನು ಕೃಷ್ಣನ ಪಕ್ಷದಲ್ಲಿ ಹೋರಾಡಿ ರಾಜಾದಿತ್ಯನನ್ನು ಕೊಂದನು. ಆತನ ಆಳಾದ ಮಣಲೆರನೆಂಬ ಸಗರವಂಶದ ವೀರನು ಆ ಕಾಳಗದಲ್ಲಿ ಮೆರೆದನು. ಸಂತುಷ್ಟನಾದ ಒಡೆಯನು “ಬೇಡಿದುದನ್ನು ಕೊಡುವೆನು” ಎನ್ನಲು, ಮಣಲೆರನು ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಬಳಿಕ ಕೆಳಲೆನಾಡಿನ ಬೆಳತೂರಿನ ಪಡುವಲಿದ್ದ ಮೊರಡಿಯಲ್ಲಿ ದೊಡ್ಡದೊಂದು ಹಂದಿಯ ಮೇಲೆ ಅದನ್ನು ಬಿಡಲಾಗಿ, ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಒಡನೆಯೇ ಸತ್ತುವು. ಅದಕ್ಕಾಗಿ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಡಲಾಯಿತು. ಆ ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸಿಯೇ ಉಣ್ಣಬೇಕೆಂದೂ, ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವು ಅವನಿಗೆ ಬರುವುದೆಂದೂ ವಿಧಿಸಲಾಗಿದೆ. ಕಲ್ಲಿನ ಮೇಲುಭಾಗದಲ್ಲಿ ನಾಯಿಯೂ ಹಂದಿಯೂ ಸೆಣಸುತ್ತಿರುವ ಶಿಲ್ಪವಿದೆ.

ಈ ಸಂಗ್ರಹದಲ್ಲಿ ನಾಯಿಯ ಮೈಬಣ್ಣ, ಎತ್ತರ, ಮುಖದ ಉದ್ದ, ಕಿವಿಯ ಬಗೆ ಇವುಗಳಲ್ಲಿ ಯಾವುದೊಂದೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಶಾಸನಕವಿಯು ಕಾಳಿಯ ದೇಹವನ್ನು ವರ್ಣಿಸಲಿಲ್ಲ. ಕಾರ್ಯವನ್ನು ಮಾತ್ರ ಹೇಳಿದನು. ಆದುದರಿಂದ ಕಾಳಿಯ ತಳಿಯನ್ನು ಊಹಿಸಬೇಕಾದರೆ ಕಾರ್ಯದಿಂದಲೇ ಊಹಿಸಬೇಕು. ಧೂಮದಿಂದ ಅಗ್ನಿಯನ್ನು ಅನುಮಾನಿಸುವಂತೆ, ಬೇಟೆಯ ರೀತಿಯಿಂದ ಬೇಟೆನಾಯಿಯ ಜಾತಿಯನ್ನು ಅನುಮಾನಿಸುವುದೊಂದೇ ಇಲ್ಲಿ ಉಳಿದಿರುವ ದಾರಿ.

೩

ಮುಧೋಳದ ನಾಯಿಯ ಲಕ್ಷಣಗಳು ನೋಡಿದವರಿಗೆಲ್ಲ ಸ್ಪಷ್ಟವಾದುವು. ಉದ್ದವಾಗಿ ಕಿರಿದಾದ ತಲೆ, ಕಪಾಲಕ್ಕೆ ಅಂಟಿದಂತೆ ಇಳಿಬಿದ್ದ ಕಿವಿ, ವಿಶಾಲವಾದ ಕಣ್ಣು, ಆಳವಾದ ಎದೆ, ಬೆನ್ನಿಗೆ ಹತ್ತಿದಂತೆ ಮೇಲೆ ಸೇದಿಕೊಂಡ ಹೊಟ್ಟೆ, ನೀಳವಾದ ಕಾಲು, ತುದಿಗೆ ಸಣ್ಣಗಾಗುತ್ತ ಬಾಗುವ ಬಾಲ, ತೆಳುವಾದ ಚರ್ಮ, ಮೈಗೆ ಹತ್ತಿಕೊಂಡ ಚಿಕ್ಕ ಕೂದಲು. ಗಂಡುನಾಯಿಯು ಹೆಗಲಿನವರೆಗೆ ಸುಮಾರು ೭೦ ಸೆಂಟಿಮೀಟರು ಎತ್ತರವಿದ್ದರೂ ತೂಕದಲ್ಲಿ ೩೦ ಕಿಲೋಗ್ರಾಮನ್ನು ಮುಟ್ಟುವುದು ಅಪರೂಪ. ಕಿವಿ, ಬಾಲ, ಕಾಲುಗಳಲ್ಲಿ ರೇಷ್ಮೆಯಂಥ ಕೂದಲುಳ್ಳ ಒಂದು ಪ್ರಭೇದವೂ ಉಂಟು, ಅದನ್ನು ಪಶ್ಮಿಯೆನ್ನುವರು. ಸ್ವಭಾವದಲ್ಲಿ ಇದು ಗಂಭೀರವಾದ ಪ್ರಾಣಿ. ಒಡೆಯನಿಗೆ ಒಲಿಯುವುದೇ ಹೊರತು ಪರಕೀಯರು ಮೈಮುಟ್ಟುವುದನ್ನು ಸಹಿಸುವುದಿಲ್ಲ.

ಈ ಅವಯವಗಳಲ್ಲಿ ಒಂದೂ ವ್ಯರ್ಥವಾದುದಲ್ಲ. ಬೇಟೆನಾಯಿಗಳಲ್ಲಿ ಮೂಸಿ ಹುಡುಕುವುವು ಒಂದು ಬಗೆ, ಕಣ್ಣಿನಿಂದ ಕಂಡು ಬೆನ್ನಟ್ಟುವುವು ಇನ್ನೊಂದು ಬಗೆ, ಮೃಗವನ್ನು ಕಚ್ಚಿ ಹಿಡಿದು ನಿಲ್ಲಿಸುವುವು ಮತ್ತೊಂದು ಬಗೆ. ಮುಧೋಳದ್ದು ಎರಡನೆಯ ಬಗೆಯದು. ಮಲಪ್ರಭೆ, ಘಟಪ್ರಭೆ, ಕೃಷ್ಣೆಯರ ನಡುವಣ ಎರೆಭೂಮಿಯ ಬಯಲಿನಲ್ಲಿ ಮೊಲವೋ ಚಿಗರಿಯೋ ದೂರದಲ್ಲಿ ಎದ್ದರೆ ಅದನ್ನು ಕಣ್ಣಿಟ್ಟು ನೋಡಿ, ಮರೆಯಾಗುವುದಕ್ಕೆ ಮೊದಲೇ ಓಡಿ ಹಿಡಿಯಬೇಕು. ಆಳವಾದ ಎದೆಯು ಉಸಿರಿಗಾಗಿ, ಸೇದಿದ ಹೊಟ್ಟೆಯೂ ನೀಳವಾದ ಕಾಲೂ ಹೆಜ್ಜೆಯ ಹರವಿಗಾಗಿ, ಕಿರಿದಾದ ತಲೆಯು ಲಾಘವಕ್ಕಾಗಿ. ಓಟವೇ ಅದರ ಆಯುಧ.

ಕಾಡುಹಂದಿಯ ಬೇಟೆಯಾದರೋ ಬೇರೆ. ಹಂದಿಯು ಓಡಿ ತಪ್ಪಿಸಿಕೊಳ್ಳುವುದರಲ್ಲಿ ಮಾತ್ರ ನಂಬಿಕೆಯಿಡುವ ಮೃಗವಲ್ಲ. ಬೆನ್ನಿಗೆ ಕಲ್ಲನ್ನೋ ಪೊದೆಯನ್ನೋ ಕೊಟ್ಟು ತಿರುಗಿ ನಿಲ್ಲುತ್ತದೆ. ಆಗ ಬೇಕಾಗುವುದು ಓಟವಲ್ಲ. ದಪ್ಪವಾದ ಕುತ್ತಿಗೆ, ಅಗಲವಾದ ದವಡೆ, ಗಾಯವನ್ನು ತಡೆಯುವ ಚರ್ಮ, ಹಿಡಿದುದನ್ನು ಬಿಡದ ಹಟ. ತೆಳುವಾದ ತೊಗಲಿನ ಓಟದ ನಾಯಿಯು ಕೋರೆಯ ಒಂದೇ ಸೀಳಿಗೆ ಸಿಕ್ಕಿ ಹೋಗುವುದೆಂಬ ಆ ಹುಡುಗನ ಮಾತು ಅನುಭವದಿಂದ ಬಂದುದು. ಇದಲ್ಲದೆ ಶಾಸನವು ಸ್ಥಳವನ್ನು ಮೊರಡಿಯೆಂದು ಕರೆದಿದೆ. ಮೊರಡಿಯೆಂದರೆ ಕಲ್ಲುಮುಳ್ಳಿನ ದಿಣ್ಣೆ. ಕಣ್ಣಿಗೆ ಕಾಣುವಷ್ಟು ದೂರ ಓಡಿ ಹಿಡಿಯುವ ಬಯಲಲ್ಲ. ಕಾರ್ಯವೂ ಸ್ಥಳವೂ ಎರಡೂ ಕಾಳಿಯನ್ನು ಹಿಡಿದು ನಿಲ್ಲಿಸುವ ನಾಯಿಯೆಂದು ಸೂಚಿಸುತ್ತವೆಯೇ ಹೊರತು ಓಡಿ ಹಿಡಿಯುವ ನಾಯಿಯೆಂದಲ್ಲ. ಒಂದು ಮುಧೋಳದ ನಾಯಿಯು ಒಮ್ಮೆ ಹಂದಿಯೊಡನೆ ಹೋರಾಡುವುದು ಅಸಂಭವವೆಂದು ನನ್ನ ವಾದವಲ್ಲ. ಆದರೆ ಚಕ್ರವರ್ತಿಯ ಮಿತ್ರನಾದ ಅರಸನ ಬಳಿ ಹೆಸರುವಾಸಿಯಾಗಿದ್ದ ನಾಯಿಯನ್ನು ಬೇಡಿ ಪಡೆದವನು, ಅದನ್ನು ಅದರ ಕುಲಕ್ಕೆ ಒಗ್ಗದ ಬೇಟೆಗೆ ಬಿಡುವಷ್ಟು ಅವಿವೇಕಿಯಾಗಿದ್ದನೆಂದು ಏಕೆ ಭಾವಿಸಬೇಕು?

೪

ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿ ಎತ್ತಿ ಹೇಳಬೇಕು. ದುರ್ಬಲವಾದ ರೂಪದಲ್ಲಿ ಹೇಳಿ ಖಂಡಿಸುವುದು ಶಾಸ್ತ್ರಮರ್ಯಾದೆಯಲ್ಲ.

ಬೂತುಗನಿಗೂ ಬಾಗಲಕೋಟೆಯ ಸೀಮೆಗೂ ನಿಜವಾದ ಸಂಬಂಧವುಂಟು. ಆತಕೂರಿನ ಶಾಸನದಲ್ಲಿಯೇ ಕೃಷ್ಣನು ಅವನಿಗೆ ಬನವಾಸಿ, ಬೆಳ್ವೊಲ, ಪುಲಿಗೆರೆ, ಕಿಸುಕಾಡು, ಬಾಗೆನಾಡುಗಳನ್ನು ಕೊಟ್ಟನೆಂದು ಹೇಳಿದೆ. ಬಾಗೆನಾಡು ಎಪ್ಪತ್ತನ್ನು ವಿದ್ವಾಂಸರು ಬಾಗಲಕೋಟೆಯ ಸುತ್ತಿನ ನಾಡೆಂದು ಗುರುತಿಸಿದ್ದಾರೆ. ಕ್ರಿ.ಶ. ೯೭೫ರ ಹೆಬ್ಬಾಳದ ಶಾಸನವನ್ನು ನೋಡಿದರೆ, ಈ ನಾಡುಗಳಲ್ಲಿ ಬನವಾಸಿಯನ್ನುಳಿದು ಮಿಕ್ಕವು ಕೃಷ್ಣನ ಸಹೋದರಿ ರೇವಕನಿಮ್ಮಡಿಯೊಡನೆ ಬಳುವಳಿಯಾಗಿಯೇ ಬೂತುಗನಿಗೆ ಬಂದಿದ್ದುವು. ಹಾಗಾದರೆ ತಕ್ಕೋಲದ ಯುದ್ಧಕ್ಕೆ ಮೊದಲೇ ಆ ಸೀಮೆಯ ನಾಯಿಯೊಂದು ಬೂತುಗನ ಬಳಿ ಇದ್ದಿರಬಾರದೇಕೆ?

ಇದಕ್ಕಿಂತ ಮನೋಹರವಾದ ಇನ್ನೊಂದು ಸಂಗತಿಯಿದೆ. ಮುಧೋಳದ ಪ್ರಾಚೀನ ನಾಮ ಮುದುವೊಳಲು. ಅದು ಕವಿಚಕ್ರವರ್ತಿ ರನ್ನನ ಹುಟ್ಟೂರು. ರನ್ನನು ತಾನು ಹುಟ್ಟಿದುದು ಸೌಮ್ಯ ಸಂವತ್ಸರದಲ್ಲೆಂದು ಅಜಿತಪುರಾಣದಲ್ಲಿ ಹೇಳಿಕೊಂಡಿದ್ದಾನೆ, ಅದು ಕ್ರಿ.ಶ. ೯೪೯. ಆತಕೂರಿನ ಕಲ್ಲಿನ ಸಂವತ್ಸರವೂ ಸೌಮ್ಯವೇ. ರನ್ನನ ಜನ್ಮವರ್ಷವನ್ನು ಶಕ ೮೭೧ ಎಂದೂ ಶಾಸನದ ವರ್ಷವನ್ನು ೮೭೨ ಎಂದೂ ಎಣಿಸುವುದು ಗತವರ್ಷ, ವರ್ತಮಾನವರ್ಷ ಎಂಬ ಗಣನೆಯ ಭೇದದಿಂದಲೇ ಹೊರತು ಸಂವತ್ಸರವು ಒಂದೇ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಕವಿಯು ಕಣ್ದೆರೆದ ವರ್ಷದಲ್ಲಿಯೇ ಗಂಗನಾಡಿನಲ್ಲಿ ನಾಯಿಗೆ ಕಲ್ಲು ನಿಂತಿತು. ಮುಂದೆ ಆ ಕವಿಯೂ ಗಂಗರ ಮಂತ್ರಿ ಚಾವುಂಡರಾಯನ ಆಶ್ರಯವನ್ನು ಅರಸಿ ಅದೇ ಗಂಗನಾಡಿಗೆ ಹೋದನು.

ಇಷ್ಟು ಸಂಬಂಧಗಳು ಒಟ್ಟಿಗೆ ಕಂಡಾಗ ಮನಸ್ಸು ಮೋಹಗೊಳ್ಳುವುದು ಸಹಜ. ಆದರೆ ಇವೆಲ್ಲವೂ ಸಿದ್ಧಪಡಿಸುವುದು ಸಂಭಾವನೆಯನ್ನು ಮಾತ್ರ. ಮುಧೋಳದ ಸೀಮೆಯಿಂದ ಗಂಗನಾಡಿಗೆ ಕವಿಯು ಹೋದನೆಂಬುದಕ್ಕೆ ಕವಿಯ ಮಾತೇ ಪ್ರಮಾಣ. ನಾಯಿಯೂ ಹೋಯಿತೆಂಬುದಕ್ಕೆ ಯಾವ ಮಾತೂ ಪ್ರಮಾಣವಾಗಿಲ್ಲ. ನಾಡು ಸಿಕ್ಕಿತೆಂದಮಾತ್ರಕ್ಕೆ ನಾಯಿಯೂ ಅಲ್ಲಿಂದಲೇ ಬಂದಿತೆಂದು ಹೇಳಿದರೆ, ಬನವಾಸಿಯಿಂದಲೋ ಪುಲಿಗೆರೆಯಿಂದಲೋ ಬಂದಿತೆಂದು ಹೇಳುವವನ ಬಾಯನ್ನು ಹೇಗೆ ಮುಚ್ಚಿಸುವುದು? ಎಲ್ಲಕ್ಕೂ ಸಮಾನವಾಗಿ ಹೊಂದುವ ಹೇತುವು ಯಾವುದನ್ನೂ ಸಾಧಿಸಲಾರದು. ತರ್ಕದಲ್ಲಿ ಇದನ್ನು ಅನೈಕಾಂತಿಕವೆನ್ನುವರು.

೫

ಮುಧೋಳದ ತಳಿಯ ಚರಿತ್ರೆಯಲ್ಲಿ ಖಚಿತವಾದ ಭಾಗವು ಸಮೀಪದ ಕಾಲದ್ದು. ಮುಧೋಳದ ಸಂಸ್ಥಾನಾಧಿಪತಿಗಳಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ, ಸುತ್ತಣ ಬೇಡರೇ ಮೊದಲಾದ ಬೇಟೆಗಾರ ಜನರು ಸಾಕುತ್ತಿದ್ದ ನಾಯಿಗಳ ಗುಣವನ್ನು ಮೆಚ್ಚಿ, ಆಯ್ದು ಬೆಳಸಿ ಪ್ರಸಿದ್ಧಿಗೆ ತಂದರು. ಇದರ ದೇಹರಚನೆಯು ಪಶ್ಚಿಮ ಏಷ್ಯದ ಸಲೂಕಿ ಮೊದಲಾದ ಓಟದ ನಾಯಿಗಳನ್ನು ಹೋಲುವುದರಿಂದ, ಇದರ ಪೂರ್ವಜರು ವರ್ತಕರೊಡನೆಯೂ ಸೈನಿಕರೊಡನೆಯೂ ದಖನ್ನಿಗೆ ಬಂದಿರಬೇಕೆಂದು ತಜ್ಞರು ಊಹಿಸುವರು. ಇದಕ್ಕೆ ಕಾರವಾನ್ ನಾಯಿಯೆಂಬ ಇನ್ನೊಂದು ಹೆಸರು ಇರುವುದೂ ಆ ಕಾರಣದಿಂದಲೇ.

ರಾಜಾಸಾಹೇಬರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಈ ನಾಯಿಗಳ ಜೋಡಿಯೊಂದನ್ನು ಕಾಣಿಕೆಯಾಗಿ ಒಪ್ಪಿಸಿದರೆಂದೂ, ಅಂದಿನಿಂದ ‘ಮುಧೋಳದ ನಾಯಿ’ ಎಂಬ ಹೆಸರು ರೂಢವಾಯಿತೆಂದೂ ಹೇಳುವರು. ಈ ಕಥೆಯನ್ನು ಬರೆಯುವವರು ವರ್ಷವನ್ನು ಹಾಕುವಾಗ ಎಚ್ಚರಿಕೆಯಿಂದಿರಬೇಕು. ಆ ದೊರೆಯು ಸಿಂಹಾಸನವನ್ನೇರಿದುದು ೧೯೧೦ರಲ್ಲಿ, ತೀರಿಕೊಂಡುದು ೧೯೩೬ರ ಜನವರಿಯಲ್ಲಿ; ಇದಕ್ಕೆ ಹಿಂದಿನ ಅಥವಾ ಮುಂದಿನ ವರ್ಷವನ್ನು ಹೇಳುವ ಬರಹವು ತನ್ನನ್ನು ತಾನೇ ಖಂಡಿಸಿಕೊಳ್ಳುತ್ತದೆ. ಛತ್ರಪತಿ ಶಿವಾಜಿಯ ಸೈನ್ಯದಲ್ಲಿ ಮುಧೋಳದ ನಾಯಿಗಳ ಪಡೆಯಿದ್ದಿತೆಂಬ ಮಾತೂ ಇದೇ ಬಗೆಯದು. ಮುಧೋಳದ ಬಾಜಿ ಘೋರ್ಪಡೆಯು ೧೬೪೮ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಬಿಜಾಪುರದ ಪರವಾಗಿ ಸೆರೆಹಿಡಿದನು; ೧೬೬೪ರಲ್ಲಿ ಶಿವಾಜಿಯು ಅವನನ್ನು ಕೊಂದು ಸೇಡು ತೀರಿಸಿಕೊಂಡನು. ವೈರವಿದ್ದ ಮನೆತನದ ಊರಿನ ಹೆಸರನ್ನು, ಆ ಹೆಸರು ನಾಯಿಗೆ ಬರುವುದಕ್ಕೆ ಎರಡೂವರೆ ಶತಮಾನ ಮೊದಲೇ, ಶಿವಾಜಿಯ ನಾಯಿಗಳಿಗೆ ಅಂಟಿಸುವುದು ಕಾಲಜ್ಞಾನವಿಲ್ಲದವರ ಕೆಲಸ.

ಸಂಸ್ಥಾನವು ೧೯೪೮ರಲ್ಲಿ ವಿಲೀನವಾಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಬೇಟೆಯೂ ನಿಷಿದ್ಧವಾಯಿತು. ಬೇಟೆಯಿಲ್ಲದ ಬೇಟೆನಾಯಿಯು ಹೊಲವನ್ನು ಕಾಯುತ್ತ, ಮರಿಗಳ ಮಾರಾಟದಿಂದ ಬಡ ರೈತರಿಗೆ ಒಂದಿಷ್ಟು ಸಂಪಾದನೆಯನ್ನು ಕೊಡುತ್ತ ಉಳಿದುಕೊಂಡಿತು. ೨೦೦೫ರಲ್ಲಿ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿತು. ಬೀದರದ ಪಶುವೈದ್ಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಶ್ವಾನಸಂಶೋಧನ ಕೇಂದ್ರವು ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಏರ್ಪಟ್ಟಿತು. ೨೦೧೬ರಲ್ಲಿ ಇದರ ಮರಿಗಳನ್ನು ಮೀರತ್ತಿನ ಸೇನಾ ಶಿಕ್ಷಣಕೇಂದ್ರಕ್ಕೆ ಒಯ್ದರು. ೨೦೨೦ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ ಇದನ್ನು ಹೆಸರಿಸಿದರು. ಈ ಗೌರವಗಳೆಲ್ಲ ನಾಯಿಗೆ ತಕ್ಕುವೇ. ತನ್ನ ಕಾಲಿನ ಬಲದಿಂದಲೇ ಗೌರವ ಸಂಪಾದಿಸಿರುವ ಪ್ರಾಣಿಗೆ ಇಲ್ಲದ ವಂಶಾವಳಿಯನ್ನು ನಾವು ಬರೆದುಕೊಡಬೇಕಾದ ಅಗತ್ಯವಿಲ್ಲ.

೬

ಹಾಗಾದರೆ ಪ್ರಾಚೀನರಿಗೆ ತಳಿಯ ಅರಿವಿರಲಿಲ್ಲವೇ ಎಂದರೆ, ಇತ್ತು. ಪಾಣಿನಿಯು ನಾಲ್ಕನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, ಕುಲ, ಕುಕ್ಷಿ, ಗ್ರೀವಾ ಎಂಬ ಶಬ್ದಗಳ ಮೇಲೆ ಕ್ರಮವಾಗಿ ನಾಯಿ, ಕತ್ತಿ, ಆಭರಣ ಎಂಬ ಅರ್ಥಗಳಲ್ಲಿ ಪ್ರತ್ಯಯವನ್ನು ವಿಧಿಸಿ ಕೌಲೇಯಕ, ಕೌಕ್ಷೇಯಕ, ಗ್ರೈವೇಯಕ ಎಂಬ ರೂಪಗಳನ್ನು ಸಾಧಿಸಿದ್ದಾನೆ. ಕುಲದಲ್ಲಿ ಹುಟ್ಟಿದ ಮನುಷ್ಯನು ಬೇರೆ ಪ್ರತ್ಯಯದಿಂದ ಕೌಲನಾಗುವನು; ಕೌಲೇಯಕವಾಗುವುದು ನಾಯಿ ಮಾತ್ರ. ಕುಲವೆಂಬ ಶಬ್ದದಿಂದಲೇ ನಾಯಿಗೆ ಪ್ರತ್ಯೇಕವಾದ ಹೆಸರನ್ನು ಭಾಷೆಯು ಮಾಡಿಕೊಂಡಿದ್ದಿತೆಂಬುದು ಸಾಮಾನ್ಯ ಸಂಗತಿಯಲ್ಲ. ಅಮರಸಿಂಹನು ನಾಯಿಯ ಹೆಸರುಗಳನ್ನು ಕೌಲೇಯಕದಿಂದ ಮೊದಲುಮಾಡಿ, ಬೇಟೆಯಲ್ಲಿ ಕುಶಲವಾದ ನಾಯಿಗೆ ವಿಶ್ವಕದ್ರುವೆಂಬ ವಿಶೇಷನಾಮವನ್ನು ಕೊಟ್ಟಿದ್ದಾನೆ. ವಾಲ್ಮೀಕಿರಾಮಾಯಣದ ಅಯೋಧ್ಯಾಕಾಂಡದಲ್ಲಿ ಕೇಕಯರಾಜನು ಮೊಮ್ಮಗನಾದ ಭರತನನ್ನು ಕಳುಹಿಸುವಾಗ, ಅರಮನೆಯಲ್ಲಿ ಬೆಳೆದ, ಹುಲಿಯ ಬಲವುಳ್ಳ, ದೊಡ್ಡ ಮೈಯ, ಕೋರೆಯೇ ಆಯುಧವಾದ ನಾಯಿಗಳನ್ನು ಉಡುಗೊರೆಯಾಗಿ ಕೊಡುತ್ತಾನೆ. ಬೂತುಗನು ಮಣಲೆರನಿಗೆ ನಾಯಿಯನ್ನು ಕೊಟ್ಟುದು ಈ ಪ್ರಾಚೀನ ಮರ್ಯಾದೆಯ ಮುಂದುವರಿಕೆಯೇ ಆಗಿದೆ. ಅಲ್ಲಿ ವರ್ಣಿತವಾಗಿರುವ ಬಗೆಯೂ ಹಿಡಿದು ಹೋರಾಡುವ ನಾಯಿಯದು, ಓಟದ ನಾಯಿಯದಲ್ಲ.

ನಮ್ಮ ನಾಡಿನಲ್ಲಿಯೇ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ವಿನೋದವಿಂಶತಿಯಲ್ಲಿ ಸಾರಮೇಯವಿನೋದವೆಂಬ ಪ್ರಕರಣವೇ ಉಂಟು. ನಾಡುನಾಡುಗಳ ನಾಯಿಗಳಲ್ಲಿ ಭೇದವಿರುವುದನ್ನೂ ಅವುಗಳನ್ನು ಮೃಗಗಳ ಮೇಲೆ ಬಿಡುವುದನ್ನೂ ರಾಜನು ತಿಳಿದಿರಬೇಕೆಂಬುದು ಆ ಗ್ರಂಥದ ಆಶಯ. ಬೇಟೆನಾಯಿಗಳ ಚರಿತ್ರೆಯನ್ನು ಬರೆಯಬಯಸುವವರು ಇಂಥ ಗ್ರಂಥಗಳಿಂದ ಆರಂಭಿಸಬೇಕು. ಕಾಳಿಯ ಕಾಲಕ್ಕೆ ಕನ್ನಡ ನಾಡಿನಲ್ಲಿ ಹಲವು ಬಗೆಯ ನಾಯಿಗಳಿದ್ದಿರಬೇಕೆಂದು ಭಾವಿಸುವುದಕ್ಕೆ ಇವು ಆಧಾರವಾಗುತ್ತವೆ. ಎಲ್ಲವನ್ನೂ ಇಂದು ಪ್ರಸಿದ್ಧವಾಗಿರುವ ಒಂದೇ ತಳಿಯಲ್ಲಿ ಅಡಗಿಸುವುದಕ್ಕೆ ಆಗುವುದಿಲ್ಲ.

೭

ತಳಿಯ ಜಿಜ್ಞಾಸೆಯಲ್ಲಿ ಮುಳುಗಿ ಶಾಸನದ ನಿಜವಾದ ಮಹಿಮೆಯನ್ನು ನಾವು ಕಾಣದೆಹೋಗಿದ್ದೇವೆಂಬುದೇ ನನ್ನ ಮುಖ್ಯವಾದ ಕೊರಗು. ಪಂಪನು ತನ್ನ ಭಾರತವನ್ನು ಮುಗಿಸಿ ಇನ್ನೂ ಹತ್ತು ವರ್ಷವಾಗಿರಲಿಲ್ಲ. ಕೃಷ್ಣನಿಂದ ಉಭಯಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಪೊನ್ನನ ಕಾಲವದು. ಅಂಥ ವೈಭವದ ಕಾಲದಲ್ಲಿ ಒಬ್ಬ ವೀರನು, ಬೇಡಿದುದನ್ನು ಕೊಡುವೆನೆಂದ ಒಡೆಯನ ಮುಂದೆ ನಿಂತು, ನಾಯಿಯನ್ನು ಬೇಡುತ್ತಾನೆ. ಊರುಗಳು ಅವನಿಗೆ ಬಾಳ್ಗಚ್ಚಾಗಿ ಬೇರೆಯೇ ಬಂದುವು; ಆದರೆ ಬೇಡಿದುದು ನಾಯಿಯನ್ನು. ಈ ಒಂದು ಬೇಡಿಕೆಯಲ್ಲಿ ಮಣಲೆರನ ಸ್ವಭಾವವು ನೂರು ವಿಶೇಷಣಗಳಿಂದ ಆಗದಷ್ಟು ಸ್ಪಷ್ಟವಾಗಿ ಮೂಡುತ್ತದೆ.

ಇನ್ನು ಶಾಪವಾಕ್ಯ. ದಾನವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪವುಂಟಾಗಲೆಂದು ಶಪಿಸುವುದು ಶಾಸನಗಳ ರೂಢಿ. ಇಲ್ಲಿಯಾದರೋ ನಾಯಿ ಮಾಡಿದ ಪಾಪವನ್ನು ಅವನು ಹೊರಲೆಂದಿದೆ. ಇದನ್ನು ‘ನಾಯಿಯನ್ನು ಕೊಂದ ಪಾಪ’ ಎಂದು ತಿರುಗಿಸಿ ಅರ್ಥಮಾಡುವವರಿದ್ದಾರೆ. ನಾನೂ ಬಹುಕಾಲ ಹಾಗೆಯೇ ಹೇಳಿಕೊಡುತ್ತಿದ್ದೆನು. ಆದರೆ ವಾಕ್ಯದಲ್ಲಿ ನಾಯಿಯು ಕರ್ತೃ, ಕರ್ಮವಲ್ಲ. ಪಾಪವನ್ನು ಮಾಡಿದುದು ನಾಯಿ.

ಮೀಮಾಂಸೆಯನ್ನು ಓದಿದವರಿಗೆ ಇದರ ಗುರುತ್ವವು ತಿಳಿಯುವುದು. ಜೈಮಿನಿಯ ಆರನೆಯ ಅಧ್ಯಾಯದಲ್ಲಿ ತಿರ್ಯಕ್ಕುಗಳಿಗೆ ಕರ್ಮಾಧಿಕಾರವುಂಟೇ ಎಂಬ ವಿಚಾರ ಬಂದಿದೆ. ಅಲ್ಲಿ ಶಬರಸ್ವಾಮಿಗಳು, ನಾಯಿಗಳು ಚತುರ್ದಶಿಯಲ್ಲಿಯೂ ಗಿಡುಗಗಳು ಅಷ್ಟಮಿಯಲ್ಲಿಯೂ ಉಪವಾಸವಿರುವುದು ಕಂಡುಬರುವುದರಿಂದ ಅವಕ್ಕೂ ಧರ್ಮದ ಅರಿವುಂಟೆಂಬ ಪೂರ್ವಪಕ್ಷವನ್ನು ಎತ್ತಿ, ಅದು ರೋಗಾದಿಗಳಿಂದ ಆಗುವುದೇ ಹೊರತು ಧರ್ಮಜ್ಞಾನದಿಂದಲ್ಲವೆಂದು ನಿರಾಕರಿಸಿದ್ದಾರೆ. ಶಾಸ್ತ್ರದ ಸಿದ್ಧಾಂತದಲ್ಲಿ ನಾಯಿಗೆ ಧರ್ಮವಿಲ್ಲ. ಧರ್ಮವಿಲ್ಲದ್ದಕ್ಕೆ ಅಧರ್ಮವೂ ಇಲ್ಲ. ಆತಕೂರಿನ ಕಲ್ಲು ಮಾತ್ರ ಕಾಳಿಗೆ ಪಾಪವುಂಟೆಂದು ಹೇಳಿತು. ಪಾಪಕ್ಕೆ ಅಧಿಕಾರಿಯೆಂದು ಒಪ್ಪಿದಮೇಲೆ ಪುಣ್ಯಕ್ಕೂ ಒಪ್ಪಿದಂತಾಯಿತು. ಆಯುಷ್ಯದುದ್ದಕ್ಕೂ ಮೃಗಗಳನ್ನು ಕೊಂದ ಪಾಪವನ್ನು ಕಾಳಿಯು ಹಂದಿಯೊಡನೆ ತಾನೂ ಸತ್ತು ಕಳೆದುಕೊಂಡಿತು. ಆ ಸಾವನ್ನು ಮರೆತವನ ಪಾಲಿಗೆ ಆ ಪಾಪವು ಹಿಂದಿರುಗಿ ಬರುವುದೆಂದು ನಾನು ಈ ವಾಕ್ಯವನ್ನು ಅರ್ಥಮಾಡುವೆನು. ನಾಯಿಯೆಂಬ ಪ್ರಾಣಿಯನ್ನು ರಣದಲ್ಲಿ ಮಡಿದ ಮನುಷ್ಯನ ಪಂಕ್ತಿಯಲ್ಲಿ ಕುಳ್ಳಿರಿಸಿದ ವಾಕ್ಯವಿದು. ಮಹಾಭಾರತದ ಕೊನೆಯಲ್ಲಿ ಯುಧಿಷ್ಠಿರನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದನು. ಆದರೆ ಆ ನಾಯಿಯು ಕಡೆಗೆ ಯಮಧರ್ಮನಾಗಿ ಹೊರಪಟ್ಟಿತು. ಕಾಳಿಯು ಯಾವ ದೇವತೆಯೂ ಆಗಲಿಲ್ಲ. ನಾಯಿಯಾಗಿಯೇ ಸತ್ತು, ನಾಯಿಯಾಗಿಯೇ ಪೂಜೆಗೊಂಡಿತು.

ಪಾಠಶಾಲೆಯಲ್ಲಿ ಬೆಳೆದ ನಮಗೆ ನಾಯಿಯ ಸ್ಪರ್ಶವಾದರೆ ಸ್ನಾನವು ವಿಹಿತವಾಗಿತ್ತು. ಗೊರವನು ನಾಯಿಯ ಕಲ್ಲನ್ನು ಪೂಜಿಸದೆ ಅನ್ನವನ್ನು ಮುಟ್ಟಕೂಡದೆಂಬ ವಿಧಿಯನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಸಂಕೋಚಪಟ್ಟು, ವೀರಗಲ್ಲಿನ ಪೂಜೆಯೆಂದು ಸಾಮಾನ್ಯವಾಗಿ ಹೇಳಿ ಮುಂದೆ ಹೋಗುತ್ತಿದ್ದೆನು. ‘ಮುಧೋಳದ ನಾಯಿ’ ಎಂಬ ಸಂಭ್ರಮದ ಮಾತು ಆ ಸಂಕೋಚವನ್ನು ಮುಚ್ಚುವುದಕ್ಕೆ ನನಗೆ ಅನುಕೂಲವಾಗಿತ್ತೆಂದು ಈಗ ತಿಳಿಯುತ್ತಿದೆ. ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿನ ಮುಂದೆ ನಿಂತಾಗ, ಸುಳ್ಳಾದ ಹೊಗಳಿಕೆಯೂ ಒಂದು ಬಗೆಯ ಅಲಕ್ಷ್ಯವೇ ಎಂದು ನನಗೆ ತೋರಿತು.

೮

ಈವರೆಗೆ ಹೇಳಿದುದರಿಂದ ಫಲಿಸುವುದಿಷ್ಟು. ಕಾಳಿಯು ಮುಧೋಳದ ತಳಿಯದೆಂಬುದಕ್ಕೆ ಶಾಸನದಲ್ಲಿ ಆಧಾರವಿಲ್ಲ. ಬೇಟೆಯ ಬಗೆಯೂ ನೆಲದ ಬಗೆಯೂ ಆ ಊಹೆಗೆ ಪ್ರತಿಕೂಲವಾಗಿವೆ. ಬಾಗೆನಾಡಿನ ಸಂಬಂಧವು ಸಂಭಾವನೆಯನ್ನು ಮೀರಿ ಏನನ್ನೂ ಸಾಧಿಸದು. ಆದ್ದರಿಂದ ತರಗತಿಗಳಲ್ಲಿ ಈ ಮಾತನ್ನು ಸಿದ್ಧಾಂತವೆಂದು ಹೇಳಿಕೊಡುವುದನ್ನು ನಿಲ್ಲಿಸಬೇಕು.

ಇದರಿಂದ ಮುಧೋಳಕ್ಕೆ ನಷ್ಟವೇನೂ ಇಲ್ಲ. ಹುಸಿಯಾದ ಪ್ರಾಚೀನತೆಯಿಂದ ಆಗುವ ಹಾನಿಯೇ ಹೆಚ್ಚಿನದು. ತಳಿಯನ್ನು ಅರಸರ ಶಾಸನಕ್ಕೂ ಅರಸರ ಸೈನ್ಯಕ್ಕೂ ಕಟ್ಟಿಹಾಕಿದರೆ, ಅದನ್ನು ನಿಜವಾಗಿ ಕಾಪಾಡಿದ ಬೇಡರೂ ಕುರಿಗಾರರೂ ಬಡ ರೈತರೂ ಕಥೆಯಿಂದ ಹೊರಗಾಗುವರು. ಯಾವ ಹೆಣ್ಣುನಾಯಿಗೆ ಯಾವ ಗಂಡನ್ನು ಕೂಡಿಸಬೇಕು, ಯಾವ ಮರಿಯನ್ನು ಉಳಿಸಿಕೊಳ್ಳಬೇಕು, ಬರಗಾಲದಲ್ಲಿ ತಮ್ಮ ರೊಟ್ಟಿಯಲ್ಲಿ ಎಷ್ಟನ್ನು ಅದಕ್ಕೆ ಹಾಕಬೇಕು ಎಂಬುದನ್ನು ತಲೆತಲಾಂತರವಾಗಿ ನಿರ್ಧರಿಸಿದವರು ಅವರು. ಅವರ ಜ್ಞಾನವು ಯಾವ ಕಲ್ಲಿನಲ್ಲಿಯೂ ಇಲ್ಲ. ಆತಕೂರಿನಲ್ಲಿಯೂ ಕೊಟ್ಟ ಒಡೆಯನಿಗೆ ಹೆಸರುಂಟು, ಬೇಡಿದ ಆಳಿಗೆ ಹೆಸರುಂಟು, ಸತ್ತ ನಾಯಿಗೆ ಹೆಸರುಂಟು; ಆ ನಾಯಿಯನ್ನು ಮರಿಯಿಂದ ಸಾಕಿ ಹಂದಿಯ ಬೇಟೆಗೆ ಪಳಗಿಸಿದವನಿಗೆ ಹೆಸರಿಲ್ಲ.

ಆದುದರಿಂದ ಮುಧೋಳದ ನಾಯಿಯ ಚರಿತ್ರೆಯನ್ನು ಬರೆಯಬೇಕೆನ್ನುವ ತರುಣ ವಿದ್ವಾಂಸರು ಶಾಸನಸಂಪುಟಗಳನ್ನು ನೋಡುವುದರ ಜೊತೆಗೆ ಘಟಪ್ರಭೆಯ ದಡದ ಹಳ್ಳಿಗಳಿಗೆ ಹೋಗಿ, ನಾಯಿ ಸಾಕುವ ಮುದುಕರ ಬಾಯಿಂದ ಅವುಗಳ ಲಕ್ಷಣ, ರೋಗ, ಔಷಧ, ಹೆಸರುಗಳನ್ನು ಬರೆದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಆ ಮುದುಕರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಎದ್ದು ನಿಂತು ನನ್ನನ್ನು ತಿದ್ದಿದ ಆ ಹುಡುಗನಿಗೆ ಅಂದು ಹೇಳದಿದ್ದ ಮಾತನ್ನು ಇಲ್ಲಿ ಹೇಳಿ ಮುಗಿಸುವೆನು: ಅವನು ಹೇಳಿದುದೇ ಸರಿ. ಈ ವಿವೇಚನೆಯಲ್ಲಿ ದೋಷಗಳೇನಾದರೂ ಇದ್ದರೆ ವಿದ್ವಜ್ಜನರು ಅವನಂತೆಯೇ ಸಂಕೋಚವಿಲ್ಲದೆ ತೋರಿಸಿಕೊಡಬೇಕು.